ಸೇತುವೆ ಪೈಪಿನ ಸೇವಾ ವಿಸ್ತರಣೆ

ಕರ್ನಾಟಕದಲ್ಲಿ ಸರ್ಕಾರಿ ನೌಕರನಿಗೆ 60 ತುಂಬಿತೆಂದರೆ ಆ ತಿಂಗಳ ಕೊನೆಯ ದಿನ ಕಚೇರಿಯಲ್ಲಿ ಒಂದು ಸಣ್ಣ ಸಮಾರಂಭ. ಶಾಲು, ಗಂಧದ ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ. ವರ್ಷಗಟ್ಟಲೆ ಬೆನ್ನ ಹಿಂದೆ ಬೈದವರೇ ಅಂದು ಮೈಕು ಹಿಡಿದು ‘ಇಂಥ ಅಧಿಕಾರಿ ಮತ್ತೆ ಸಿಗುವುದಿಲ್ಲ’ ಎನ್ನುತ್ತಾರೆ. ನಮ್ಮೂರ ಹೊಳೆ ಸೇತುವೆಯ ಮಗ್ಗುಲಿಗೆ ನೇತುಬಿದ್ದಿರುವ ನೀರಿನ ಪೈಪಿಗೆ ಮಾತ್ರ ಈ ಭಾಗ್ಯ ಒದಗಿಲ್ಲ. ಅದು ಸೇವೆಗೆ ಸೇರಿದ ದಿನ ಕಾಯಿ ಒಡೆದ ಪುರಸಭಾಧ್ಯಕ್ಷರು ತೀರಿಹೋದರು. ಅವರ ಹೆಸರಿಟ್ಟ ರಸ್ತೆ ಗುಂಡಿ ಬಿದ್ದು ಕಾಣೆಯಾಯಿತು. ಪುರಸಭೆಯೇ ಬಡ್ತಿ ಪಡೆದು ನಗರಸಭೆಯಾಯಿತು. ಪೈಪು ಮಾತ್ರ ಬಡ್ತಿಯೂ ಇಲ್ಲದೆ, ರಜೆಯೂ ಇಲ್ಲದೆ ಇನ್ನೂ ಡ್ಯೂಟಿಯಲ್ಲಿದೆ.

ಊರಿನ ಹೆಸರು ಬೇಡ. ಹೇಳಿದರೆ ತುಂಗೆ, ಭದ್ರೆ, ಹೇಮಾವತಿ, ಮಲಪ್ರಭೆಗಳ ದಡದ ಇತರ ಊರಿನವರು ‘ನಮ್ಮ ಪೈಪೇನು ಕಡಿಮೆ ಸೋರುತ್ತದೆಯೇ’ ಎಂದು ಬೇಸರಪಟ್ಟುಕೊಂಡಾರು.

ನೀರು ಸರಬರಾಜಿಗೆ ಕೇಂದ್ರ ಸರ್ಕಾರದ್ದೊಂದು ಕೈಪಿಡಿ ಇದೆ. ಪಂಪು ಮೋಟಾರಿಗೆ 15 ವರ್ಷ, ಪೈಪಿಗೆ 30 ವರ್ಷ ಎಂದು ಅದು ಯೋಜನಾ ಅವಧಿ ಹಾಕಿಕೊಡುತ್ತದೆ. ಮುಂದಿನ 30 ವರ್ಷದ ಜನಸಂಖ್ಯೆ ಎಣಿಸಿ ಪೈಪಿನ ಅಳತೆ ನಿಗದಿ ಮಾಡಿ, ಆ ಅವಧಿ ಮುಗಿಯುವ ಮುಂಚೆ ಇನ್ನೊಂದು ಯೋಜನೆಗೆ ಕೂತುಕೊಳ್ಳಿ ಎಂದು ಅದರ ಇಂಗಿತ. ನಮ್ಮವರು ಕೈಪಿಡಿಯನ್ನು ಗೌರವಿಸುತ್ತಾರೆ. ಬೀರುವಿನಲ್ಲಿಟ್ಟು ಬೀಗ ಹಾಕಿ, ಆಯುಧಪೂಜೆಗೆ ಕುಂಕುಮ ಇಡುತ್ತಾರೆ.

ಪೈಪು ಹಾಕಿದವರ ಬಗ್ಗೆ ದೂರಿಲ್ಲ. ಎರಕದ ಕಬ್ಬಿಣದ ಪೈಪು ಅದು. ಒಂದರ ಬಾಯಿಗೆ ಇನ್ನೊಂದರ ಮೂತಿ ತೂರಿಸಿ, ಸಂದಿಗೆ ಸೆಣಬಿನ ಹುರಿ ತುರುಕಿ, ಕಾದ ಸೀಸ ಹುಯ್ದು, ಉಳಿಯಿಂದ ಬಡಿದು ಬಿಗಿ ಮಾಡಿದ ಕೆಲಸ. ಭದ್ರಾವತಿಯ ಕಾರ್ಖಾನೆಯ ಪೈಪು ಎಂದು ಹಿರಿಯರು ಹೇಳುತ್ತಾರೆ. ಮೈಮೇಲಿನ ಅಚ್ಚನ್ನು ತುಕ್ಕು ತಿಂದಿರುವುದರಿಂದ ಹೌದೆನ್ನಲೂ ಅಲ್ಲವೆನ್ನಲೂ ಆಗದು. ಆ ಕಾರ್ಖಾನೆಯಲ್ಲಿ ಕಬ್ಬಿಣ ಹರಿಯತೊಡಗಿದ್ದು 1923ರ ಜನವರಿಯಲ್ಲಿ. ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದದ್ದು 2023ರ ಜನವರಿಯಲ್ಲಿ. ಪೈಪು ಮಾಡಿದ ಕಾರ್ಖಾನೆಗೆ ನೂರನೇ ಹುಟ್ಟುಹಬ್ಬದ ಉಡುಗೊರೆಯಾಗಿ ಮುಕ್ತಾಯದ ಆದೇಶ ಬರುತ್ತದೆ, ಅದರ ಪೈಪಿಗೆ ಬರುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ಬೀಳ್ಕೊಡಬೇಕು ಎಂಬ ವಿವೇಕ ನಮ್ಮಲ್ಲಿ ಸ್ವಲ್ಪ ತಿರುಗುಮುರುಗಾಗಿ ಕೆಲಸ ಮಾಡುತ್ತದೆ.

ವಯಸ್ಸಾದ ಕಬ್ಬಿಣದ ಪೈಪಿನ ನಿಜವಾದ ಕಾಯಿಲೆ ಹೊರಗೆ ಕಾಣುವುದಿಲ್ಲ. ಒಳಗೋಡೆಯಲ್ಲಿ ತುಕ್ಕು ಗಂಟುಗಂಟಾಗಿ ಬೆಳೆದು ದಾರಿ ಕಿರಿದಾಗುತ್ತಾ ಬರುತ್ತದೆ. ಒಳವ್ಯಾಸ ಹತ್ತರಲ್ಲಿ ಒಂದು ಪಾಲು ತಗ್ಗಿದರೆ, ಅದೇ ಒತ್ತಡದಲ್ಲಿ ಸಾಗುವ ನೀರು ತಗ್ಗುವುದು ಹತ್ತರಲ್ಲಿ ಒಂದಲ್ಲ, ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಪಾಲು. ನಗರಸಭೆ ಇದಕ್ಕೆ ಕಂಡುಕೊಂಡ ಔಷಧ ಪಂಪ್‌ಹೌಸಿನಲ್ಲಿ ದೊಡ್ಡ ಪಂಪು ಕೂರಿಸುವುದು. ಪೈಪಿನ ಕಡತ ಕದಲದಿದ್ದರೂ ಪಂಪಿನ ಕಡತ ಓಡುತ್ತದೆ, ಏಕೆ ಎಂದು ಕೇಳುವಷ್ಟು ಹೊಸಬರು ನೀವಲ್ಲ. ದೊಡ್ಡ ಪಂಪು ಬಂತು. ಹಳೆ ಪೈಪಿನ ಮೇಲೆ ಒತ್ತಡ ಏರಿತು. ಸೀಸದ ಜೋಡಣೆಗಳು ಒಂದೊಂದಾಗಿ ಬಾಯಿಬಿಟ್ಟವು. ಕರೆಂಟಿನ ಬಿಲ್ಲು ಮಾತ್ರ ನಿರೀಕ್ಷೆ ಮೀರಿ ಪ್ರಗತಿ ಸಾಧಿಸಿತು.

ನೆಲದೊಳಗಿನ ಪೈಪಾಗಿದ್ದರೆ ಇಷ್ಟು ಕಷ್ಟವಿಲ್ಲ, ಮಣ್ಣಿನ ತಂಪಿನಲ್ಲಿ ಹೇಗೋ ದಿನ ನೂಕುತ್ತದೆ. ಸೇತುವೆಗೆ ನೇತುಬಿದ್ದದ್ದಕ್ಕೆ ಬಿಸಿಲೇ ಶತ್ರು. ಉಕ್ಕಿನ ಪೈಪಾದರೆ, ಬೆಳಗಿನ ಜಾವಕ್ಕೂ ನಡುಹಗಲಿಗೂ ಮೈಕಾವು 30 ಡಿಗ್ರಿ ಸೆಲ್ಸಿಯಸ್ ಹೆಚ್ಚಿದಾಗ 100 ಮೀಟರ್ ಉದ್ದಕ್ಕೆ ಸುಮಾರು 36 ಮಿಲಿಮೀಟರ್ ಹಿಗ್ಗುತ್ತದೆ, ಎರಡು ಬೆರಳಗಲ. ಎರಕದ ಕಬ್ಬಿಣ ಕೊಂಚ ಕಡಿಮೆ ಹಿಗ್ಗುತ್ತದೆ, ಆದರೆ ಅದಕ್ಕೆ ಬಾಗಿ ಗೊತ್ತಿಲ್ಲ, ಒಡೆದು ಗೊತ್ತು. ಸೇತುವೆಯೂ ತನ್ನ ಲೆಕ್ಕಕ್ಕೆ ಬೇರೆಯಾಗಿ ಹಿಗ್ಗುತ್ತದೆ, ಕುಗ್ಗುತ್ತದೆ, ಲಾರಿ ಹೋದಾಗಲೆಲ್ಲ ನಡುಗುತ್ತದೆ. ಈ ಎರಡರ ಜಗಳ ಬಿಡಿಸಲೆಂದೇ ಹಿಗ್ಗು ಜೋಡಣೆ ಇಡುತ್ತಾರೆ, ಜಾರುವ ಆಸರೆ ಕೊಡುತ್ತಾರೆ, ಎತ್ತರದ ಜಾಗದಲ್ಲಿ ಗಾಳಿ ಹೊರಬಿಡಲು ಏರ್ ವಾಲ್ವು ಕೂರಿಸುತ್ತಾರೆ. ನಮ್ಮ ಸೇತುವೆಯ ಏರ್ ವಾಲ್ವು ಕಳುವಾಗಿದೆ. ಅದರ ಬಾಯಿಗೆ ಈಗ ತೆಂಗಿನ ನಾರು ತುರುಕಿದ ಪ್ಲಾಸ್ಟಿಕ್ ಬಾಟಲಿ ಇದೆ.

ನೀರು ತುಂಬಿದ ಪೈಪು ಅಷ್ಟು ಕಾಯುವುದಿಲ್ಲ, ಹೊಳೆಯ ತಂಪು ಅದನ್ನು ಕಾಪಾಡುತ್ತದೆ. ನಮ್ಮಲ್ಲಿ ನೀರು ಬಿಡುವುದೇ ಮೂರು ದಿನಕ್ಕೊಮ್ಮೆ. ಉಳಿದ ಹೊತ್ತು ಖಾಲಿ ಪೈಪು ಬಿಸಿಲಲ್ಲಿ ಹುರಿದುಕೊಳ್ಳುತ್ತಿರುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ದೊಡ್ಡ ಪಂಪಿನ ತಣ್ಣೀರು ನುಗ್ಗುತ್ತದೆ. ಪೈಪು ಸೋರುತ್ತದೆಂದು ನೀರು ಕಡಿಮೆ ಬಿಡುತ್ತಾರೆ, ಕಡಿಮೆ ಬಿಡುವುದರಿಂದ ಪೈಪು ಇನ್ನಷ್ಟು ಸೋರುತ್ತದೆ. ಇದನ್ನು ಕಂಡುಹಿಡಿಯಲು ಸಲಹಾ ಸಂಸ್ಥೆಯೊಂದನ್ನು ನೇಮಿಸಲು ಟೆಂಡರ್ ಕರೆದಿದ್ದಾರೆ. ನಮ್ಮ ನೀರುಗಂಟಿಯನ್ನು ಕೇಳಿದ್ದರೆ ಒಂದು ಚಹಾಕ್ಕೆ ಹೇಳುತ್ತಿದ್ದ.

ಆತ ಈ ಪೈಪಿನ ಖಾಸಗಿ ವೈದ್ಯ. ಹಳೇ ಸೈಕಲ್ ಟ್ಯೂಬು, ಗೋಣಿತಾಟು, ಮರದ ಬೆಣೆ, ಎಂ-ಸೀಲು, ಕಬ್ಬಿಣದ ಕ್ಲಾಂಪು ಅವನ ಔಷಧ ಪೆಟ್ಟಿಗೆ. ಸೇತುವೆಯ ಕಂಬಿ ದಾಟಿ, ಸೊಂಟಕ್ಕೆ ಎಮ್ಮೆ ಕಟ್ಟುವ ಹಗ್ಗ ಬಿಗಿದುಕೊಂಡು ಹೊಳೆಯ ಮೇಲೆ ಇಳಿಬೀಳುತ್ತಾನೆ. ಸುರಕ್ಷತಾ ಬೆಲ್ಟು ಕೊಟ್ಟಿಲ್ಲವೇ ಎಂದೆ.

“ಕೊಟ್ಟವ್ರೆ ಸಾರ್. ಸ್ಟೋರಲ್ಲಿ ಐತೆ. ಹರಿದ್ರೆ ನನ್ ಸಂಬಳದಲ್ಲಿ ಹಿಡೀತಾರಂತೆ, ಅದ್ಕೇ ನಾನೇ ಮುಟ್ಟಿಲ್ಲ.”

“ಹೊಸ ಪೈಪು ಯಾವಾಗಪ್ಪ ಬರೋದು?”

“ಬತ್ತದೆ ಸಾರ್. ನಂಗೆ ಕಾಯಂ ಆದ್ ದಿವ್ಸ ಬತ್ತದೆ.”

ಹೊರಗುತ್ತಿಗೆಯ ನೌಕರ ಆತ. ಕಾಯಂ ಆಗುವ ದಿನದ ಬಗ್ಗೆ ಅವನಿಗೆ ಯಾವ ಭ್ರಮೆಯೂ ಇಲ್ಲ.

ಕ್ಲಾಂಪುಗಳ ವಿಷಯ ಇಲ್ಲಿಗೇ ಬಿಡಲಾರೆ. ಒಂದೊಂದು ಕ್ಲಾಂಪೂ ಒಂದೊಂದು ಬಿಲ್ಲು. ಟೆಂಡರು ಬೇಡದ ಮೊತ್ತದೊಳಗೆ ಸರಿಯಾಗಿ ಕೂರುವಂತೆ ಕೆಲಸವನ್ನು ಕೊಚ್ಚಿ ಕೊಡುವ ಕಲೆಗೆ ತುಂಡು ಗುತ್ತಿಗೆ ಎನ್ನುತ್ತಾರೆ. ನಮ್ಮ ಸೇತುವೆಯ ಪೈಪು ತುಂಡು ಗುತ್ತಿಗೆಯ ತವರುಮನೆ. ಈಗ ಪೈಪಿನ ಕಬ್ಬಿಣಕ್ಕಿಂತ ಕ್ಲಾಂಪಿನ ಕಬ್ಬಿಣವೇ ಹೆಚ್ಚಿದೆಯೇನೋ ಎನ್ನಿಸುತ್ತದೆ. ತುರ್ತು ಎಂದು ಬರೆದರೆ ಇನ್ನೂ ಸಲೀಸು. ಪಾರದರ್ಶಕತೆಗೆಂದು 1999ರಲ್ಲಿ ಬಂದ ಕಾಯ್ದೆಯಲ್ಲೇ ಟೆಂಡರಿನಿಂದ ವಿನಾಯಿತಿ ಕೊಡುವ 4ಜಿ ಎಂಬ ಕಲಮಿದೆ. ಊರಿಗೆ 5ಜಿ ಬಂದರೂ ಇಲಾಖೆಗಳಿಗೆ 4ಜಿ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಅರವತ್ತು ವರ್ಷದಿಂದ ತುಕ್ಕು ಹಿಡಿಯುತ್ತಿರುವ ಪೈಪು ಒಂದು ಬೆಳಿಗ್ಗೆ ದಿಢೀರನೆ ತುರ್ತು ಆಗುವುದು ಹೇಗೆ ಎಂದು ಕೇಳಬಾರದು. ಮಾರ್ಚ್ ತಿಂಗಳಲ್ಲಿ ಏನು ಬೇಕಾದರೂ ತುರ್ತು ಆಗುತ್ತದೆ.

ಇನ್ನು ಜಂಟಿ ಸ್ಥಳ ಪರಿಶೀಲನೆ. ಪತ್ರಿಕೆಯಲ್ಲಿ ಫೋಟೊ ಬಂದು, ಸೇತುವೆಯಿಂದ ಚಿಮ್ಮುವ ನೀರಿನ ರೀಲ್ಸ್ ಫೋನಿಂದ ಫೋನಿಗೆ ಹಾರಿದ ಮೇಲೆ ಅದು ನಡೆಯಿತು. ಜೀಪುಗಳು ಸಾಲಾಗಿ ನಿಂತವು. ಸೇತುವೆಯ ಇಲಾಖೆ, ರಸ್ತೆಯ ಪ್ರಾಧಿಕಾರ, ಹೊಳೆಯ ನಿಗಮ, ಪೈಪಿನ ಮಂಡಳಿ, ನಗರಸಭೆ ಎಲ್ಲರೂ ಬಂದಿದ್ದರು. ಬಾರದಿದ್ದವನು ಪೈಪಿಗೆ ತನ್ನ ಕೇಬಲ್ಲು ಸುತ್ತಿಹೋದವನು ಒಬ್ಬನೇ. ಸೇತುವೆಯಲ್ಲಿ ಹೊಸದಾಗಿ ಕಾಣುವ ವಸ್ತು ಅದೊಂದೇ ಆದ್ದರಿಂದ ಅವನ ಮೇಲೆ ಯಾರಿಗೂ ಸಿಟ್ಟಿರಲಿಲ್ಲ.

ಸೇತುವೆ ಇಲಾಖೆಯ ಎಂಜಿನಿಯರು ಮೊದಲು ಮಾತೆತ್ತಿದರು. “ನಮ್ಮ ಸೇತುವೆ ಡಿಸೈನ್ ಮಾಡುವಾಗ ಈ ಪೈಪಿನ ಭಾರ ಲೆಕ್ಕಕ್ಕೆ ಹಿಡಿದಿರಲಿಲ್ಲ.” ಮಾತು ತೆಗೆದುಹಾಕುವಂಥದ್ದಲ್ಲ. 450 ಮಿಲಿಮೀಟರ್ ವ್ಯಾಸದ ಪೈಪಿನಲ್ಲಿ ನೀರಿನ ತೂಕವೇ ಮೀಟರಿಗೆ ಸುಮಾರು 159 ಕಿಲೋ. 200 ಮೀಟರ್ ಸೇತುವೆಯಾದರೆ ಬರೀ ನೀರೇ ಹತ್ತಿರಹತ್ತಿರ 32 ಟನ್ನು, ಪೈಪಿನ ತೂಕ ಬೇರೆ. ನಗರಸಭೆಯ ಎಂಜಿನಿಯರು ಸೋಲಲಿಲ್ಲ. “ನಿಮ್ಮ ಸೇತುವೆ ಬೀಳದೆ ನಿಂತಿರೋದೇ ನಮ್ಮ ಪೈಪು ಹಿಡ್ಕೊಂಡಿರೋದ್ರಿಂದ ಸಾರ್.” ಅಲ್ಲಿದ್ದವರೆಲ್ಲ ನಕ್ಕರು. ನಗುವಿನ ಹೊತ್ತಿಗೆ ಸೇತುವೆಯ ಮೇಲೆ ಜಲ್ಲಿ ಲಾರಿಯೊಂದು ಹಾದುಹೋಯಿತು. ನಗು ನಿಂತಿತು.

ರಸ್ತೆಯ ಪ್ರಾಧಿಕಾರದವರು ಬೈಪಾಸ್ ಆದಮೇಲೆ ಈ ರಸ್ತೆ ತಮ್ಮದಲ್ಲ, ವಾಪಸ್ ಕೊಟ್ಟಾಗಿದೆ ಎಂದರು. ಸೇತುವೆಯವರು ವಾಪಸ್ ಕೊಟ್ಟ ಪತ್ರ ಬಂದಿದೆ, ಆದರೆ ಪಡೆದುಕೊಂಡ ಪತ್ರ ನಾವು ಬರೆದಿಲ್ಲ ಎಂದರು. ಪೈಪಿನ ಮಂಡಳಿಯವರು ತಮ್ಮ ಕೆಲಸ ಕಟ್ಟಿ ಹಸ್ತಾಂತರಿಸುವುದಷ್ಟೇ ಎಂದರು. ನಗರಸಭೆಯವರು ಹಸ್ತಾಂತರಿಸಿದ್ದು ನಿಜ, ಹಸ್ತ ಚಾಚಿದವರು ಯಾರೆಂಬ ದಾಖಲೆ ಸಿಗುತ್ತಿಲ್ಲ ಎಂದರು. ಹೊಳೆಯ ನಿಗಮದವರಿಗೆ ಮಾತ್ರ ಅಂಜಿಕೆ ಇರಲಿಲ್ಲ. ಸೋರಿದ ನೀರೂ ಅವರ ಹೊಳೆಗೇ ಬೀಳುತ್ತಿತ್ತು, ಅವರ ಲೆಕ್ಕದಲ್ಲಿ ನಷ್ಟವೇ ಇಲ್ಲ. ಮಧ್ಯಾಹ್ನ ಪ್ರವಾಸಿ ಮಂದಿರದಲ್ಲಿ ಊಟದ ನಂತರ ಒಮ್ಮತದ ತೀರ್ಮಾನ ಹೊರಬಂತು: ಮುಂದಿನ ತಿಂಗಳು ಮತ್ತೊಮ್ಮೆ ಜಂಟಿ ಸ್ಥಳ ಪರಿಶೀಲನೆ.

ಇಷ್ಟೂ ಇಲಾಖೆಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಏನನ್ನಾದರೂ ನಿಜವಾಗಿ ದಾಟಿಸುತ್ತಿರುವುದು ಆ ಪೈಪು ಒಂದೇ ಎಂಬುದನ್ನು ಅಲ್ಲಿ ಯಾರೂ ಹೇಳಲಿಲ್ಲ.

ಬದಲಾಯಿಸುವುದು ಹೇಗೆ ಎನ್ನುವುದರಲ್ಲಿ ಗುಟ್ಟೇನೂ ಇಲ್ಲ. ಹಳೆಯದು ನಡೆಯುತ್ತಿರುವಾಗಲೇ ಪಕ್ಕದಲ್ಲಿ ಹೊಸದನ್ನು ಹಾಕಬೇಕು. ಅದಕ್ಕೆ ಮೂರು ದಾರಿಗಳಿವೆ. ಸೇತುವೆ ಭಾರ ತಾಳುತ್ತದೆಂದು ಲೆಕ್ಕ ಮಾಡಿ ಹೊಸ ಬ್ರಾಕೆಟ್ಟಿನ ಮೇಲೆ ಬೆಸುಗೆ ಹಾಕಿದ ಉಕ್ಕಿನ ಪೈಪು ಕೂರಿಸುವುದು ಒಂದು. ಸೇತುವೆಯ ಹಂಗೇ ಬೇಡವೆಂದು ಪೈಪಿಗೇ ಒಂದು ಕಿರುಸೇತುವೆ ಕಟ್ಟುವುದು ಇನ್ನೊಂದು. ಮೂರನೆಯದು ಹೊಳೆಯ ತಳದ ಕೆಳಗೆ ಅಡ್ಡಲಾಗಿ ಕೊರೆದು ಎಳೆಯುವುದು. ಆಮೇಲೆ ಒತ್ತಡ ಹಾಕಿ ಪರೀಕ್ಷೆ, ಕ್ಲೋರಿನ್ ನೀರಿನಿಂದ ತೊಳೆತ, ಕೊನೆಗೆ ಎರಡೂ ದಡದಲ್ಲಿ ಹಳೆಯದನ್ನು ಕಡಿದು ಹೊಸದಕ್ಕೆ ಜೋಡಿಸಲು ಪಂಪು ನಿಲ್ಲಿಸಬೇಕು. ‘ಎರಡು ದಿನ ನೀರು ಬರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು’ ಎಂದು ಆಟೋದಲ್ಲಿ ಮೈಕು ಕಟ್ಟಿ ಸಾರಿದರೆ ನಮ್ಮೂರಲ್ಲಿ ಯಾರಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಸಹಕಾರದಲ್ಲಿ ನಮ್ಮ ಅನುಭವ ದೊಡ್ಡದು.

ದಡದಿಂದ ಆಚೆಗೆ, ನೆಲದಲ್ಲಿ, ಈಗ ಎರಕದ ಕಬ್ಬಿಣ ಯಾರೂ ಹಾಕುವುದಿಲ್ಲ. ಡಕ್ಟೈಲ್ ಐರನ್ ಹಾಕುತ್ತಾರೆ, ಒಡೆಯುವ ಮೊದಲು ಸ್ವಲ್ಪ ಬಾಗುವ ಕಬ್ಬಿಣ. ಕಚೇರಿಯ ವಾತಾವರಣಕ್ಕೆ ಹೆಚ್ಚು ಹೊಂದಿಕೊಳ್ಳುವ ಲೋಹ ಅದು, ಅಳವಡಿಕೆಗೆ ಇಷ್ಟು ತಡವಾಗಿದ್ದೇ ಆಶ್ಚರ್ಯ.

ಗುದ್ದಲಿ ಪೂಜೆ ಮಾತ್ರ ಕ್ರಮ ತಪ್ಪದೆ ನಡೆದಿದೆ. ಹಿಂದಿನ ಶಾಸಕರ ಕಾಲದಲ್ಲೊಂದು, ಅವರನ್ನು ಸೋಲಿಸಿದವರ ಕಾಲದಲ್ಲೊಂದು, ಸೋತವರು ಪಕ್ಷ ಬದಲಿಸಿ ಗೆದ್ದುಬಂದ ಮೇಲೆ ಮತ್ತೊಂದು. ಸೇತುವೆಯ ತಲೆಯಲ್ಲಿ ಗ್ರಾನೈಟಿನ ಅಡಿಗಲ್ಲುಗಳು ಸಾಲಾಗಿ ನಿಂತಿವೆ. ಎಲ್ಲದರಲ್ಲೂ ಚಿನ್ನದ ಅಕ್ಷರ, ಎಲ್ಲದರಲ್ಲೂ ‘ಘನ ಉಪಸ್ಥಿತಿ’. ಆ ಕಲ್ಲುಗಳನ್ನು ಪೈಪಿನ ಅಡಿಗೇ ಇಟ್ಟಿದ್ದರೆ ಮೂರು ಕಡೆ ಆಸರೆಯಾದರೂ ಸಿಗುತ್ತಿತ್ತು. ಈಗ ಅವುಗಳ ಮೇಲೆ ಗೂಡಂಗಡಿಯವನು ಬೆಳಗಿನ ಹೊತ್ತು ಬ್ರೆಡ್ಡು ಒಣಗಲು ಇಡುತ್ತಾನೆ. ಮೂರು ಸರ್ಕಾರಗಳ ಬಜೆಟ್ಟಿನಲ್ಲಿ ಈ ಯೋಜನೆಯಿಂದ ನೇರ ಪ್ರಯೋಜನ ಪಡೆದ ಫಲಾನುಭವಿ ಅವನೇ.

ಫಲಾನುಭವಿಗಳ ಪಟ್ಟಿ ಅಷ್ಟಕ್ಕೇ ಮುಗಿಯುವುದಿಲ್ಲ ಅನ್ನಿ. ಸೋರುವ ಜಾಗದ ಕೆಳಗೆ ಆಟೋ ತೊಳೆಯುವವರಿದ್ದಾರೆ, ಎಮ್ಮೆ ಮೀಯಿಸುವವರಿದ್ದಾರೆ, ಬಟ್ಟೆ ಒಗೆಯುವ ಹೆಂಗಸರಿದ್ದಾರೆ. ಅವರನ್ನು ಆಡಿಕೊಳ್ಳಲು ನನಗೆ ಮನಸ್ಸಿಲ್ಲ, ಏಕೆಂದರೆ ಅವರ ಬೀದಿಯ ನಲ್ಲಿಗೆ ನೀರು ಹತ್ತುವುದೇ ಇಲ್ಲ. ಕೇಂದ್ರದ ನಗರಾಭಿವೃದ್ಧಿ ಸಚಿವಾಲಯ 2008ರಲ್ಲಿ ಸೇವಾ ಮಾನದಂಡ ಹೊರಡಿಸಿತು. ತಲೆಗೆ ದಿನಕ್ಕೆ 135 ಲೀಟರ್, 24 ಗಂಟೆ ಸರಬರಾಜು, ಲೆಕ್ಕಕ್ಕೆ ಸಿಗದೆ ಹೋಗುವ ನೀರು ಶೇ 20ಕ್ಕಿಂತ ಮೇಲಿರಬಾರದು. ಪಂಪು ನಡೆದಷ್ಟು ಹೊತ್ತು ಯಾವ ಕೊಸರಾಟವೂ ಇಲ್ಲದೆ, ತಡೆಯಿಲ್ಲದೆ, ಮೀಟರಿಲ್ಲದೆ, ಜಾತಿ ವಾರ್ಡು ಕೇಳದೆ ನೀರು ಸಿಗುವ ಜಾಗ ನಮ್ಮೂರಲ್ಲಿ ಇರುವುದು ಒಂದೇ, ಸೇತುವೆಯ ಮೂರನೇ ಕಂಬದ ಬುಡ. ಮಾನದಂಡಕ್ಕೆ ಅತಿ ಹತ್ತಿರ ಬಂದಿರುವುದು ಸೋರಿಕೆಯೇ.

ಲೆಕ್ಕವನ್ನೂ ನೋಡೋಣ. ಪೆನ್ಸಿಲಿಗಿಂತ ತುಸು ದಪ್ಪದ, 10 ಮಿಲಿಮೀಟರಿನ ಒಂದೇ ತೂತು. 30 ಮೀಟರ್ ಎತ್ತರಕ್ಕೆ ಏರಿಸುವಷ್ಟು ಒತ್ತಡ. ಇಡೀ ದಿನ ಪಂಪು ನಡೆದರೆ ಆ ತೂತಿನಿಂದ ಹೋಗುವ ನೀರು ಒಂದು ಲಕ್ಷ ಲೀಟರಿಗೆ ತೀರಾ ಹತ್ತಿರ. 135 ಲೀಟರಿನಂತೆ ಹಂಚಿದರೆ 700ಕ್ಕೂ ಹೆಚ್ಚು ಜನರ ಪಾಲು. 2024ರ ಬೇಸಿಗೆಯಲ್ಲಿ ಬೆಂಗಳೂರು ಒಣಗಿದಾಗ ಸರ್ಕಾರ ಟ್ಯಾಂಕರಿಗೆ ದರ ಕಟ್ಟಿತ್ತು. 5 ಕಿಲೋಮೀಟರಿನೊಳಗೆ 6,000 ಲೀಟರಿಗೆ 600 ರೂಪಾಯಿ, ಜಿಎಸ್‌ಟಿ ಬೇರೆ. ಆ ದರ ಹಿಡಿದರೂ ಒಂದು ತೂತು ದಿನಕ್ಕೆ ಹದಿನಾರು ಟ್ಯಾಂಕರು, ಹೆಚ್ಚುಕಡಿಮೆ 10,000 ರೂಪಾಯಿಯನ್ನು ಹೊಳೆಗೆ ಸುರಿಯುತ್ತದೆ. ಅದೇ ಹೊಳೆಯಿಂದ ಕರೆಂಟು ಖರ್ಚು ಮಾಡಿ ಎತ್ತಿ, ಸ್ಫಟಿಕ ಹಾಕಿ ತಿಳಿಗೊಳಿಸಿ, ಕ್ಲೋರಿನ್ ಬೆರೆಸಿ ಶುದ್ಧ ಮಾಡಿದ ನೀರು ಅದು. ಶುದ್ಧೀಕರಿಸಿ ಹೊಳೆಗೆ ಮರಳಿಸುವ ಈ ಪರಿಸರ ಕಾಳಜಿಗೆ ನಗರಸಭೆ ಯಾವುದಾದರೂ ಪ್ರಶಸ್ತಿಗೆ ಅರ್ಜಿ ಹಾಕಬಹುದು.

ಟ್ಯಾಂಕರಿನ ಮಾತು ಬಂತಲ್ಲ. ನಮ್ಮೂರ ಟ್ಯಾಂಕರುಗಳ ಒಡೆಯರು ಯಾರೆಂದು ಬರೆಯುವುದಿಲ್ಲ. ಪೈಪು ಬದಲಿಸುವ ವಿಷಯ ಸಾಮಾನ್ಯ ಸಭೆಗೆ ಬಂದಾಗಲೆಲ್ಲ ಯಾರ ಕೆಮ್ಮು ಜೋರಾಗುತ್ತದೆ ಎಂದು ಗಮನಿಸಿದವರಿಗೆ ಹೇಳಬೇಕಾಗಿಲ್ಲ.

ಮುದಿಯಾದ ಕಟ್ಟೋಣಗಳು ನಮ್ಮ ನಾಡಿನಲ್ಲಿ ಮುನ್ಸೂಚನೆ ಕೊಡದೆ ಬೀಳುತ್ತವೆ ಎಂದು ಹೇಳುವುದು ರೂಢಿ. ಅದು ಸುಳ್ಳು, ವಯಸ್ಸೇ ಮುನ್ಸೂಚನೆ. 2024ರ ಆಗಸ್ಟ್ 7ರ ಮಧ್ಯರಾತ್ರಿ ಕಳೆದು ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿಯಿತು, ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕುಳಿದ. ನಾಲ್ಕು ದಶಕ ದಾಟಿದ ಸೇತುವೆ ಅದು. ಮೂರೇ ದಿನ ಕಳೆದು, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಣಿ ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ಜಲಾಶಯದಿಂದ ಟಿಎಂಸಿಗಟ್ಟಲೆ ನೀರು ಹರಿದುಹೋಯಿತು. ಹರಿಯುವ ನೀರಿನಲ್ಲೇ ತಡೆಗೇಟು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿಸಿದವರು ಕನ್ನಯ್ಯ ನಾಯ್ಡು. ಎಪ್ಪತ್ತು ದಾಟಿದ ಗೇಟನ್ನು ನಿಭಾಯಿಸಲು ಎಪ್ಪತ್ತು ದಾಟಿದ ನಿವೃತ್ತ ತಜ್ಞರೇ ಬೇಕಾಯಿತು. ಆ ಹೊತ್ತಿಗೆ ಸ್ವಾಗತದ ಏರ್ಪಾಟೂ ಆಗಬೇಕಿತ್ತಲ್ಲ, ಅಣೆಕಟ್ಟೆ ನೋಡಲು ಬರುವ ಗಣ್ಯರು ಒಬ್ಬಿಬ್ಬರೇ? ಆ ವಾರವಿಡೀ ‘ರಾಜ್ಯದ ಎಲ್ಲ ಹಳೆಯ ಕಾಮಗಾರಿಗಳ ಸುರಕ್ಷತೆ ಪರಿಶೀಲಿಸಲಾಗುವುದು’ ಎಂಬ ಮಾತು ಕೇಳಿಬಂತು. ನಮ್ಮ ಸೇತುವೆಗೂ ಬಂದರು. ಬಣ್ಣ ಬಳಿದು ಹೋದರು. ಪೈಪಿಗೆ ನೀಲಿ, ಕ್ಲಾಂಪಿಗೆ ಹಳದಿ.

ಇಲ್ಲಿ ಒಂದು ವಿಷಯವನ್ನು ನಗದೆ ಹೇಳಬೇಕು. ನೀರು ನಿಂತಾಗ ಖಾಲಿಯಾಗುವ ಪೈಪು ಹೊರಗಿನದನ್ನು ಒಳಗೆ ಎಳೆದುಕೊಳ್ಳುತ್ತದೆ. ನೀರು ಹೊರಬಿದ್ದ ಅದೇ ಬಿರುಕಿನಿಂದ ಚರಂಡಿಯ ಕೊಳಕು ಒಳಬರುತ್ತದೆ. ಸೇತುವೆ ದಾಟಿ ದಡಕ್ಕಿಳಿದ ಕೂಡಲೇ ನಮ್ಮ ಪೈಪು ತೆರೆದ ಮೋರಿಯ ಅಡಿಯಲ್ಲೇ ಹಾದುಹೋಗುತ್ತದೆ. ನೀರು ಬಂದ ದಿನ ಮೊದಲ ಎರಡು ಕೊಡವನ್ನು ಚೆಲ್ಲಿ ಹಿಡಿಯುವುದು ಆ ಮೋರಿ ಪಕ್ಕದ ಬೀದಿಯ ಹೆಂಗಸರು ತಾವೇ ಮಾಡಿಕೊಂಡ ನಿಯಮ. ಯಾವ ಕೈಪಿಡಿಯೂ ಅವರಿಗೆ ಹೇಳಿಕೊಟ್ಟದ್ದಲ್ಲ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಮಾನತು, ಪರಿಹಾರ, ವರದಿ ಎಲ್ಲವೂ ಆಯಿತು. ಊರೂರಲ್ಲಿ ಪೈಪು ಮೋರಿಯ ಅಡಿಯಲ್ಲೇ ಉಳಿಯಿತು.

ಇದೆಲ್ಲ ನಮ್ಮಿಂದಾಗದ ಕೆಲಸ, ವಿದೇಶದಲ್ಲಿ ಮಾತ್ರ ಸಾಧ್ಯ ಎನ್ನುವ ಒಂದು ಜಾಣತನವಿದೆ. ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ವಾರ್ಡುಗಳಲ್ಲಿ ವಿಶ್ವಬ್ಯಾಂಕ್ ಸಾಲದ ಯೋಜನೆಯಲ್ಲಿ ದಿನದ 24 ಗಂಟೆ ನೀರು ಕೊಟ್ಟು ತೋರಿಸಿದ್ದು ಹತ್ತಿರಹತ್ತಿರ ಎರಡು ದಶಕದ ಹಿಂದಿನ ಮಾತು. ಅಲ್ಲಿ ನಡೆದದ್ದು ಪವಾಡವಲ್ಲ. ಹಳೆ ಪೈಪಿಗೆ ತೇಪೆ ಹಾಕುತ್ತ ಕೂರದೆ ಆ ಬಡಾವಣೆಗಳ ಜಾಲವನ್ನೇ ಹೊಸದಾಗಿ ಹಾಕಿದರು, ಪ್ರತಿ ಮನೆಗೆ ಮೀಟರು ಕೂರಿಸಿದರು. ಖಾಸಗಿ ಕಂಪನಿಗೆ ಕೊಟ್ಟದ್ದು ಸರಿಯೇ, ದರ ಏರಿದ್ದು ಸರಿಯೇ ಎಂದು ವಾದ ಮಾಡಲು ಜಾಗವಿದೆ, ಮಾಡೋಣ. ಆದರೆ ಪೈಪು ಬದಲಿಸಿದರೆ ಸೋರಿಕೆ ನಿಲ್ಲುತ್ತದೆ ಎನ್ನುವುದಕ್ಕೆ ಸಾಕ್ಷಿ ಹುಡುಕಿಕೊಂಡು ವಿದೇಶ ಪ್ರವಾಸ ಹೋಗಬೇಕಾಗಿಲ್ಲ. ನಮ್ಮ ನಗರಸಭೆಯ ಸದಸ್ಯರು ‘ಅಧ್ಯಯನ ಪ್ರವಾಸ’ಕ್ಕೆ ಹೋದದ್ದು ಎಲ್ಲಿಗೆ ಎಂದರೆ ಸಿಕ್ಕಿಂಗೆ. ನೀರು ಅಲ್ಲಿ ಬೆಟ್ಟದಿಂದ ತಾನಾಗಿಯೇ ಇಳಿಯುತ್ತದೆ ಎಂದು ಬಂದು ವರದಿ ಕೊಟ್ಟರು.

ಕಷ್ಟ ಬೇರೆಯೇ ಇದೆ. ಒಡೆದ ಪೈಪು ಸುದ್ದಿಯಾಗುತ್ತದೆ, ಹೊಸ ಪೈಪು ಉದ್ಘಾಟನೆಯಾಗುತ್ತದೆ. ಒಡೆಯದಂತೆ ನೋಡಿಕೊಂಡ ಪೈಪಿಗೆ ಎರಡೂ ಇಲ್ಲ. ವರ್ಷಕ್ಕೊಮ್ಮೆ ಬ್ರಾಕೆಟ್ಟಿಗೆ ಬಣ್ಣ ಹೊಡೆಸಿ, ಜೋಡಣೆ ಬಿಗಿ ಮಾಡಿಸಿ, ಏರ್ ವಾಲ್ವು ಕಾಯ್ದುಕೊಂಡ ಎಂಜಿನಿಯರನಿಗೆ ಶಾಲು ಹೊದಿಸಿದ ಒಂದು ಊರನ್ನು ನಾನು ಕಂಡಿಲ್ಲ. ಫ್ಲೆಕ್ಸಿನಲ್ಲಿ ‘ಈ ವರ್ಷ ಏನೂ ಒಡೆಯಲಿಲ್ಲ’ ಎಂದು ಹಾಕಿಸಿಕೊಂಡು ಮತ ಕೇಳಿದ ಶಾಸಕನನ್ನೂ ಕಂಡಿಲ್ಲ. ನಾವೂ ಅಂಥವನಿಗೆ ಮತ ಹಾಕಿದವರಲ್ಲ. ಜಾತ್ರೆಗೆ ದೀಪಾಲಂಕಾರ ಮಾಡಿಸಿದವನಿಗೆ ಹಾಕಿದೆವು, ಆ ದೀಪದ ಸರಗಳನ್ನು ಕಟ್ಟಿದ್ದು ಇದೇ ಪೈಪಿಗೆ.

ಈಗ ಮತ್ತೊಂದು ಡಿಪಿಆರ್, ಅಂದರೆ ವಿಸ್ತೃತ ಯೋಜನಾ ವರದಿ, ತಯಾರಾಗುತ್ತಿದೆಯಂತೆ. ಹಳೆಯ ಅಂದಾಜಿನ ದರಪಟ್ಟಿ ಹಳತಾಗಿ, ಹೊಸ ದರಪಟ್ಟಿಗೆ ಮೊತ್ತ ಏರಿ, ಏರಿದ ಮೊತ್ತಕ್ಕೆ ಮೇಲಿನ ಅನುಮೋದನೆ ಬೇಕಾಗಿ, ಅನುಮೋದನೆ ಬರುವ ಹೊತ್ತಿಗೆ ದರಪಟ್ಟಿ ಮತ್ತೆ ಹಳತಾಗುವ ಈ ಆಟದಲ್ಲಿ ತುಕ್ಕಿಗೆ ಮಾತ್ರ ಯಾರ ಸಹಿಯೂ ಬೇಕಾಗಿಲ್ಲ. ಅದು ರವಿವಾರವೂ ಕೆಲಸ ಮಾಡುತ್ತದೆ.

ಆದ್ದರಿಂದ ಓದುಗರಲ್ಲಿ ಒಂದು ಕೋರಿಕೆ. ನಿಮ್ಮೂರಲ್ಲೂ ಹೊಳೆ ದಾಟುವ ಪೈಪು ಇದ್ದೇ ಇರುತ್ತದೆ. ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಒಂದು ಅರ್ಜಿ ಕೊಡಿ. ಆ ಪೈಪು ಯಾರ ಹೆಸರಿನಲ್ಲಿದೆ, ಹಾಕಿದ ವರ್ಷ ಯಾವುದು, ಅದನ್ನು ಕೊನೆಯ ಸಲ ಪರೀಕ್ಷಿಸಿದ ವರದಿ ಎಲ್ಲಿದೆ, ಕಳೆದ ಐದು ವರ್ಷದಲ್ಲಿ ಅದರ ದುರಸ್ತಿಗೆ ಕೊಟ್ಟ ಬಿಲ್ಲುಗಳೆಷ್ಟು, ಇಷ್ಟು ಕೇಳಿದರೆ ಸಾಕು. 30 ದಿನದೊಳಗೆ ಉತ್ತರ ಕೊಡಬೇಕೆಂದು 2005ರ ಕಾಯ್ದೆ ಹೇಳುತ್ತದೆ. ನನ್ನ ಹಾಗೆ ಉದ್ದ ಬರೆಯಬೇಡಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಮೀರಿದರೆ ವಾಪಸ್ ಕಳಿಸುತ್ತಾರೆ, ಆ ಕೆಲಸವನ್ನು ಮಾತ್ರ ಅವರು ತಡಮಾಡುವುದಿಲ್ಲ.